ಅರ್ಥ್ ಆಯ್ತಾ?

ಬಾವಿ ದಾಟಿಯೇ ಮನೆಗೆ ಹೋಗಬೇಕು ಅವಳು. ಬೇರೆ ದಾರಿ ಇಲ್ಲ.

ಇದು ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದನ್ನ ಕೇಳಿಸಿಕೊಂಡು ಬಂದು ಹೇಳ್ತಿಲ್ಲ ನಾನು. ಅವಳ ಬಾಯಿಂದ ನನಗೆ, ನನ್ನ ಬಾಯಿಂದ ನಿಮಗೆ... ಮಧ್ಯೆ ಮೂರನೆಯವರಿಲ್ಲ. ನಗೋರು ಈಗಲೇ ನಕ್ಕು ಮುಗಿಸಿಬಿಡಿ. ಆಮೇಲೆ ಯಾರಾದ್ರೂ ಕಿಸಕ್ ಅಂದ್ರೆ ನಾನು ಎದ್ದು ಹೋಗಿ ಮಲಗ್ತೀನಿ, ಹೇಳಿರ್ತೀನಿ.

ಅವಳಿಗೆ ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ. ಎರಡನೇ ಪಾಳಿ. ಬೆಡ್‌ಶೀಟು ಇಸ್ತ್ರಿ ಮಾಡಿ, ಮಡಿಸಿ, ಜೋಡಿಸಿ, ಬೆರಳ ತುದಿ ಎಲ್ಲ ಸುಟ್ಟುಕೊಂಡು ರಾತ್ರಿ ಹನ್ನೊಂದಕ್ಕೆ ಬಸ್ಸಿಳೀತಾಳೆ. ಅಲ್ಲಿಂದ ಹತ್ತು ನಿಮಿಷ ನಡಿಗೆ. ಕೊನೆಯ ಬೀದಿದೀಪ ಆದಮೇಲೆ ಹಾಳುಬಾವಿ. ಮೇಲೆ ಕಬ್ಬಿಣದ ಜಾಲರಿ ಮುಚ್ಚಿದಾರೆ. ಬಾವಿ ಪಕ್ಕದ ಖಾಲಿ ಸೈಟಿನಲ್ಲಿ ಅವಳ ಗಂಡನ ಕ್ಯಾರವಾನ್ ನಿಂತಿದೆ. ಅದೇ... ಒಳಗೇ ಎರಡು ಮಂಚ, ಒಲೆ, ಫ್ರಿಜ್ಜು, ಫ್ಯಾನು ಎಲ್ಲ ಇರುತ್ತಲ್ಲ, ಮನೆ ಥರದ ಗಾಡಿ, ಸುತ್ತಾಡೋಕೆ ಹೋಗೋರಿಗೆ ಬಾಡಿಗೆಗೆ ಕೊಡೋದು. ಗಂಡ ಸತ್ತು ಆಗ ಏಳು ತಿಂಗಳು. ಟೈರುಗಳು ಗಾಳಿ ಇಳಿದು ಕೂತುಬಿಟ್ಟಿದ್ವು. ಗಾಡಿಯ ಹಿಂದೆ ಅವನ ಜನರೇಟರ್, ಟಾರ್ಪಾಲು ಹೊದ್ದು, ಸರಪಳಿ ಬಿಗಿಸಿಕೊಂಡು.

ಮೊದಲನೇ ರಾತ್ರಿ ಅವಳು ಬಾವಿ ಹತ್ತಿರ ಬಂದಾಗ ಒಂದು ಸದ್ದು. ಸರ್ರ್... ಟಕ.

ಜನರೇಟರಿನ ಹಗ್ಗ ಎಳೆಯೋ ಸದ್ದು ಅದು. ಹನ್ನೊಂದು ವರ್ಷ ಕೇಳಿದಾಳೆ, ನಿದ್ದೆಗಣ್ಣಲ್ಲೂ ಗುರುತು ಹಿಡೀತಾಳೆ. ಎರಡನೇ ಸಲ, ಸರ್ರ್... ಟಕ. ಮೂರನೇ ಸಲಕ್ಕೆ ಹತ್ತಿಕೊಳ್ತು. ಡುಗ್ ಡುಗ್ ಡುಗ್ ಡುಗ್...

ಮೈದುನ ಇರಬೇಕು, ಗಾಡಿ ಮಾರೋ ಮೊದಲು ಓಡಿಸಿ ನೋಡ್ತಿದಾನೆ ಅಂದುಕೊಂಡಳು. ಆದ್ರೆ ಟಾರ್ಚ್ ಇಲ್ಲ. ಹೊಗೆಯ ವಾಸನೆ ಇಲ್ಲ. ಟಾರ್ಪಾಲು ಮಿಸುಕಲಿಲ್ಲ. ಆ ಡುಗ್ ಡುಗ್ ಮಧ್ಯೆ ಗಂಟಲು ಎತ್ತರಿಸಿ ಒಂದು ದನಿ.

"ಅರ್ಥ್ ಆಯ್ತಾ?"

ಅವಳ ಬಾಯಿ ಅವಳನ್ನ ಕೇಳಲೇ ಇಲ್ಲ. ತಾನಾಗೇ ಅಂದುಬಿಡ್ತು.

"ಆಯ್ತು."

ಟಕ್. ಸ್ವಿಚ್ಚು ಮೇಲಕ್ಕೆ ಹೋದ ಸದ್ದು. ಆಮೇಲೆ ಬರಿಗಾಲು ಕೆಸರಲ್ಲಿ ಊರಿದ ಸದ್ದು, ಪಚ್... ಪಚ್... ಪಚ್. ನೆಲ ಒಣಗಿ ಬಿರುಕು ಬಿಟ್ಟಿತ್ತು ಕಣ್ರೀ ಅಲ್ಲಿ, ಮಳೆ ಬಂದು ಎರಡು ತಿಂಗಳಾಗಿತ್ತು. ಆಮೇಲೆ ಗಾಡಿಯ ಬಾಗಿಲ ಹಿಡಿ, ಕಟಕ್. ಅಷ್ಟೇ. ಜನರೇಟರ್ ನಿಂತುಹೋಯ್ತು. ಎಲ್ಲ ನಿಶ್ಶಬ್ದ...

ಇಷ್ಟೇನಾ ಅನ್ಬೇಡಿ. ಅವನು ಹೇಗೆ ಸತ್ತ ಅಂತ ಗೊತ್ತಾದ್ರೆ ಹೀಗೆ ಕಾಲು ಚಾಚಿ ಕೂರಲ್ಲ ನೀವು.

ಅವಳ ಗಂಡನನ್ನ ಎಲ್ಲರೂ ಮೇಷ್ಟ್ರು ಅಂತಿದ್ರು. ಪಾಠ ಮಾಡಿದವನೇನಲ್ಲ, ಡ್ರೈವರು. ಯಾರಿಗೆ ಏನು ಹೇಳಿದ್ರೂ ಕೊನೆಗೆ "ಅರ್ಥ ಆಯ್ತಾ?" ಅಂತ ಒಂದು ಸೇರಿಸ್ತಿದ್ದ, ಅದಕ್ಕೆ ಆ ಹೆಸರು. ಹಾಲು ಉಕ್ಕಿಸಬೇಡ, ಅರ್ಥ ಆಯ್ತಾ. ನಾಳೆ ಐದಕ್ಕೆ ಎಬ್ಬಿಸು, ಅರ್ಥ ಆಯ್ತಾ. ಮದುವೆ ಮನೇಲಿ ನನಗೂ ಹೇಳಿದ್ದ, ಚಪ್ಪಲಿ ಆ ಕಡೆ ಬಿಡಿ, ಅರ್ಥ ಆಯ್ತಾ ಅಂತ. ನಾನು ಆಗಲಿಲ್ಲ ಅಂದೆ. ನನ್ನ ಮುಖ ನೋಡಿ ತಾನೇ ಎತ್ತಿ ಆ ಕಡೆ ಇಟ್ಟ. ನನ್ನ ತಂಗಿ ಹಾಗಲ್ಲ, ಪಾಪ. ಮದುವೆಯಾದ ಹೊಸತರಲ್ಲಿ ಒಂದು ಸಲ "ಅರ್ಥ ಆಗಲಿಲ್ಲ ರೀ" ಅಂದಿದ್ದಳಂತೆ. ನಾಲ್ಕು ದಿನ ಮಾತು ಬಿಟ್ಟ. ಐದನೇ ದಿನ ಬಂದ ನೆಂಟರ ಎದುರಿಗೆ ಅವಳನ್ನ ನಿಲ್ಲಿಸಿಕೊಂಡು, ಒಂದನೇ ಕ್ಲಾಸಿನ ಮಗುವಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟ. ನೆಂಟರು ನಕ್ಕರು. ಅವತ್ತಿಂದ ಅವಳು ಏನು ಕೇಳಿದ್ರೂ ಆಯ್ತು. ಅರ್ಧ ಕೇಳಿಸಿದ್ರೂ ಆಯ್ತು, ಏನೂ ಕೇಳಿಸದಿದ್ರೂ ಆಯ್ತು.

ಸತ್ತವನ ಬಗ್ಗೆ ಹೀಗೆ ಮಾತಾಡಬಾರದು ಅಂತೀರಾ? ಬದುಕಿದ್ದಾಗಲೂ ಹೀಗೇ ಮಾತಾಡ್ತಿದ್ದೆ ನಾನು.

ಆದ್ರೆ ಒಂದು ಮಾತು ಒಪ್ಪಬೇಕು. ಕೆಲಸದಲ್ಲಿ ಬಲು ಅಚ್ಚುಕಟ್ಟು. ಕರೆಂಟಿಲ್ಲದ ಜಾಗದಲ್ಲಿ ಗಾಡಿ ನಿಲ್ಲಿಸಿದ್ರೆ ಜನರೇಟರ್ ಹಾಕಬೇಕು. ಅದಕ್ಕೂ ಮೊದಲು ಅರ್ಥ್ ಕೊಡಬೇಕು. ಲೈನ್‌ಮನ್ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ್ದು ಇದು, ಎಲ್ಲ ಮುಗಿದ ಮೇಲೆ. ಗಾಡಿ ನಿಂತಿರೋದು ರಬ್ಬರಿನ ಮೇಲೆ. ಒಳಗೆ ಎಲ್ಲೋ ಒಂದು ವೈರು ಸಿಪ್ಪೆ ಬಿಟ್ಟು ತಗಡಿಗೆ ತಾಗಿದ್ರೆ ಇಡೀ ಗಾಡಿಗೇ ಕರೆಂಟು. ಒಳಗಿದ್ದವರಿಗೆ ಗೊತ್ತೇ ಆಗಲ್ಲ. ಹೊರಗೆ ಒದ್ದೆ ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿದವನ ಮೈಯೊಳಗೆ ಹಾದು ಭೂಮಿಗೆ ಇಳಿಯುತ್ತೆ. ಅದಕ್ಕೇ ಹಸಿರು ವೈರು. ಗಾಡಿಯ ಚಾಸಿಯಿಂದ ಜನರೇಟರಿನ ಚೌಕಟ್ಟಿಗೆ ಬಿಗೀಬೇಕು. ಅಲ್ಲಿಂದ ನೆಲಕ್ಕೆ ಹೊಡೆದ ತಾಮ್ರದ ಸಲಾಕೆಗೆ ಇನ್ನೊಂದು. ಆಗ ಕರೆಂಟು ಆ ವೈರಲ್ಲೇ ವಾಪಸ್ ಓಡುತ್ತೆ, ಜನರೇಟರಿನ ಸ್ವಿಚ್ಚು ತಾನಾಗಿ ಬೀಳುತ್ತೆ, ಮನುಷ್ಯ ಉಳೀತಾನೆ. ಕೇಬಲಿನ ಒಳಗೇ ಆ ವೈರು ಇರುತ್ತಂತೆ. ಇವನ ಕೇಬಲಿನ ಮೂರನೇ ಪಿನ್ನು ಹಿಂದಿನ ಟೂರಲ್ಲೇ ಮುರಿದಿತ್ತು. ಹೊಸದು ತರೋವರೆಗೆ ಇರಲಿ ಅಂತ ಬೇರೆ ವೈರು ಇಟ್ಟಿದ್ದ.

ಅದನ್ನ ಕಟ್ಟೋ ಕೆಲಸ ಮೈದುನನದು. ಅವನು ಕಟ್ಟಿದ ಮೇಲೆ ಅಣ್ಣ ಕೂಗಿ ಕೇಳ್ತಿದ್ದ, ಅರ್ಥ್ ಆಯ್ತಾ? ತಮ್ಮ, ಆಯ್ತಣ್ಣ ಅಂತಿದ್ದ. ಆಮೇಲೇ ಸ್ವಿಚ್ಚು.

ಈಗ ತಿಳೀತಾ? ಅರ್ಥ, ಅರ್ಥ್. ಜನರೇಟರ್ ಡುಗ್ ಡುಗ್ ಅನ್ನೋವಾಗ ಯಾವ ಕಿವಿ ಬೇರೆ ಮಾಡುತ್ತೆ ಅದನ್ನ?

ಅವತ್ತು ಒಂದು ಕೆರೆ ದಂಡೆ. ಮಳೆ ಬಂದು ನಿಂತಿತ್ತು. ಬಾಡಿಗೆಗೆ ಬಂದವರು ನೀರು ನೋಡೋಕೆ ಹೋಗಿದ್ರು. ಇವಳು ಗಾಡಿಯೊಳಗೆ ಅವರಿಗೆ ಅಡುಗೆ ಮಾಡ್ತಿದ್ದಳು. ಮೈದುನ ಹೊರಗೆ, ಜನರೇಟರ್ ಕಡೆ ಗಾಡಿಯ ಮರೆಯಲ್ಲಿದ್ದ. ಗಂಡ ಕಾಲು ತೊಳೆದು ಬರಿಗಾಲಲ್ಲಿ ಬಂದು, ಕಿಟಕಿಯಿಂದ ಹೇಳಿದ, ಕರೆಂಟು ಬಂದ ಮೇಲೆ ಮಿಕ್ಸಿ ಫ್ರಿಜ್ಜು ಎರಡೂ ಒಟ್ಟಿಗೆ ಹಾಕಬೇಡ ಅಂತ. ಹೋಗಿ ಹಗ್ಗ ಎಳೆದ. ಡುಗ್ ಡುಗ್... ಅಲ್ಲಿಂದ ಕೂಗಿದ. ಇವಳು ತನಗೇ ಅಂದುಕೊಂಡು ಆಯ್ತು ಅಂದಳು. ಅವನು ಸ್ವಿಚ್ಚು ಹಾಕಿ ಬಂದು ಬಾಗಿಲ ಹಿಡಿ ಹಿಡಿದ. ಫ್ರಿಜ್ಜಿನ ಹಿಂದಿನ ವೈರು ತಗಡಿಗೆ ತಾಗಿತ್ತು. ಇವಳು ಒಳಗಿಂದ ಬಾಗಿಲು ತೆಗೆಯೋಕೆ ಕೈ ಚಾಚಿದ್ದಳಂತೆ, ಅಷ್ಟರಲ್ಲಿ ಅವನು ಬಿದ್ದಿದ್ದ. ಹಸಿರು ವೈರು ಸುತ್ತಿದ ಸುತ್ತು ಬಿಚ್ಚದೆ ಹಾಗೇ ಡಬ್ಬಿಯಲ್ಲಿ ಇತ್ತು.

ಮೈದುನ ಎಲ್ಲರೆದುರು ಹೇಳಿದ. "ಅಣ್ಣ ನನ್ನ ಕೇಳಿದ. ನಾನು ಇಲ್ಲ ಅನ್ನೋ ಮೊದಲೇ ಅತ್ತಿಗೆ ಆಯ್ತು ಅಂದುಬಿಟ್ರು."

ಮುಗೀತು. ಅವಳೂ ಹೌದು ಅಂದಳು, ಅಂದಿದ್ದು ನಿಜ ತಾನೆ. ಪೋಲೀಸರು ಬರಕೊಂಡು ಹೋದ್ರು. ಅತ್ತೆ ಅವತ್ತಿಂದ ಇವಳ ಜೊತೆ ನೇರ ಮಾತಾಡಿಲ್ಲ. ಗೋಡೆಗೆ ಹೇಳ್ತಾಳೆ, ಇವಳು ಕೇಳಿಸ್ಕೋಬೇಕು. ಅದೆಲ್ಲ ತಡ್ಕೊಂಡಳು ನನ್ನ ತಂಗಿ, ತಡ್ಕೊಳ್ಳೋದೇ ಅಭ್ಯಾಸ. ತಡ್ಕೊಳ್ಳೋಕೆ ಆಗದೆ ಇದ್ದಿದ್ದು ಮಗು. ಎಂಟು ವರ್ಷದ ಹುಡುಗಿ, ಪುಟ್ಟಿ ಅಂತೀವಿ. ಅಪ್ಪ ಸತ್ತಾಗ ಅಜ್ಜಿ ಜೊತೆ ಮನೇಲಿದ್ದಳು. ಚಿಕ್ಕಪ್ಪ ಹೇಳಿದ್ದನ್ನ ಅಜ್ಜಿ ಹೇಳಿ, ಅಜ್ಜಿ ಹೇಳಿದ್ದನ್ನ ಅಕ್ಕಪಕ್ಕದವರು ಹೇಳಿ... ಒಂದು ದಿನ ತಲೆ ಬಾಚೋವಾಗ ಮಗು ತಿರುಗಿ ಕೇಳ್ತಂತೆ. "ಗೊತ್ತಿಲ್ಲದೆ ಇದ್ರೆ ಸುಮ್ಮನೆ ಇರಬಾರದಿತ್ತೇನಮ್ಮ?" ಅವತ್ತು ರಾತ್ರಿಯೇ ದಿಂಬು ತಗೊಂಡು ಅಜ್ಜಿ ಪಕ್ಕಕ್ಕೆ ಹೋಯ್ತು. ಆರು ತಿಂಗಳಾದ್ರೂ ವಾಪಸ್ ಬರಲಿಲ್ಲ. ನನ್ನ ತಂಗಿಗೆ ಮನೆ ಬೇಡ, ಗಾಡಿ ಬೇಡ, ಅತ್ತೆಯ ಮಾತೂ ಬೇಡ. ಮಗು ಒಂದು ಸಲ ತನ್ನ ಹಾಸಿಗೆಗೆ ಬಂದು ಮಲಗಿದ್ರೆ ಸಾಕು ಅಂತಿದ್ದಳು. ನನ್ನೆದುರಿಗೆ ಬಿಕ್ಕಿ ಬಿಕ್ಕಿ ಅತ್ತಿದಾಳೆ.

ಹೀಗಿರೋವಾಗ ಬಾವಿ ಹತ್ತಿರ ಆ ಸದ್ದು.

ನನಗೆ ಬಂದು ಹೇಳಿದಾಗ ನಾನು ಬೈದೆ. ಊಟ ಸರಿಯಾಗಿ ಮಾಡು, ನಿದ್ದೆ ಮಾಡು ಅಂದೆ. ಹಗಲಲ್ಲಿ ನಾನೇ ಹೋಗಿ ಟಾರ್ಪಾಲು ಎತ್ತಿ ನೋಡಿದೆ. ಜನರೇಟರಿನ ಟ್ಯಾಂಕಿನ ಮುಚ್ಚಳ ತೆಗೆದೆ, ತಳದಲ್ಲಿ ತುಕ್ಕು, ಒಂದು ತೊಟ್ಟು ಪೆಟ್ರೋಲಿಲ್ಲ. ಹಗ್ಗದ ಹಿಡಿಗೆ ಜೇಡ ಬಲೆ ಕಟ್ಟಿತ್ತು. ಯಾರಾದ್ರೂ ಎಳೆದಿದ್ರೆ ಬಲೆ ಉಳೀತಿತ್ತಾ?

ಆದ್ರೂ ರಾತ್ರಿ ಸದ್ದು ಬಂತು. ಮಾರನೇ ರಾತ್ರಿಯೂ. ಪ್ರತಿ ಸಲ ದನಿ ಕೇಳುತ್ತೆ, ಪ್ರತಿ ಸಲ ಇವಳ ಬಾಯಿ ಆಯ್ತು ಅನ್ನುತ್ತೆ. ಟಕ್... ಪಚ್ ಪಚ್ ಪಚ್... ಕಟಕ್. ಯೋಚನೆ ಮಾಡಿ. ದಿನಾ ಕೆಲಸ ಮುಗಿಸಿ ಮನೆಗೆ ಹೋಗೋ ದಾರಿಯಲ್ಲಿ ಗಂಡನ್ನ ಒಂದು ಸಲ ಕೊಂದು ಹೋಗಬೇಕು. ಒಂಬತ್ತು ರಾತ್ರಿ ಹಾಗೆ ಹೋದಳು.

"ಅಕ್ಕಾ, ನಂಗೆ ಇಲ್ಲ ಅನ್ನೋಕೆ ಬರ್ತಿಲ್ಲ" ಅಂದಳು ನನ್ನ ಹತ್ತಿರ. ಸತ್ತು ಮಣ್ಣಾದ ಮೇಲೂ ಆ ಮನುಷ್ಯನಿಗೆ ಇಲ್ಲ ಅನ್ನೋಕೆ ಭಯ ಅವಳಿಗೆ.

ಕಲಿತ್ಕೋ ಅಂದೆ. ಇಡೀ ಒಂದು ಭಾನುವಾರ ನಮ್ಮ ಅಡುಗೆಮನೇಲಿ ಕೂರಿಸಿ ಹೇಳಿಸಿದೆ. ನಾನು ಅರ್ಥ್ ಆಯ್ತಾ ಅನ್ನೋದು, ಅವಳು ಇಲ್ಲ ಅನ್ನೋದು. ಮೊದಲು ಪಿಸುಗುಟ್ಟಿದಳು. ಆಮೇಲೆ ನಕ್ಕುಬಿಟ್ಟಳು. ಸಂಜೆ ಹೊತ್ತಿಗೆ ಜೋರಾಗಿ ಬಂತು. ಪಕ್ಕದ ಮನೆಯವರು ಜಗಳ ಅಂದುಕೊಂಡು ಇಣುಕಿ ಹೋದ್ರು.

ಹತ್ತನೇ ರಾತ್ರಿ. ಬಾವಿ. ಸರ್ರ್... ಟಕ. ಡುಗ್ ಡುಗ್ ಡುಗ್...

"ಅರ್ಥ್ ಆಯ್ತಾ?"

"ಇಲ್ಲ," ಅಂದಳು. "ಆಗಿಲ್ಲ ರೀ. ನನಗೆ ಯಾವತ್ತೂ ಅರ್ಥ ಆಗಿರಲಿಲ್ಲ. ಹಿಡಿ ಮುಟ್ಟಬೇಡಿ."

ಡುಗ್ ಡುಗ್ ಒಂದೇ. ಆಮೇಲೆ... ಜನರೇಟರಿನ ಬಗಲಿಂದ, ಬೇರೆ ಒಂದು ದನಿ. ಗಂಡಸಿನದು.

"ಆಯ್ತಣ್ಣ."

ಟಕ್. ಪಚ್... ಪಚ್... ಪಚ್. ಕಟಕ್.

ಅವಳು ಹೇಗೆ ಮನೆ ಮುಟ್ಟಿದಳೋ ಅವಳಿಗೇ ಗೊತ್ತಿಲ್ಲ. ಬಾಗಿಲು ತೆಗೆದವನು ಮೈದುನ. ಯಾಕೆ ಅತ್ತಿಗೆ ಓಡಿಬಂದ್ರಿ ಅಂದ. ಅದೇ ದನಿ. ಅವನು ಮನೆಯಲ್ಲೇ ಇದ್ದ, ಊಟ ಮಾಡಿ ಕೈ ಕೂಡ ತೊಳೆದಿರಲಿಲ್ಲ.

ಬೆಳಗಾಗೋದರೊಳಗೆ ನನ್ನ ಮನೆಗೆ ಬಂದು ಹೇಳಿದಳು. ನಾನು ನೀರು ಕೊಟ್ಟೆ. ಅಂದ್ರೆ ಅವತ್ತು ಕೆರೆ ದಂಡೆಯಲ್ಲಿ ಮೈದುನನೂ ಆಯ್ತಣ್ಣ ಅಂದಿದ್ದ, ಇವಳ ದನಿಯ ಅಡಿ ಅದು ಮುಚ್ಚಿಹೋಗಿತ್ತು ಅಷ್ಟೇ. ಏಳು ತಿಂಗಳು, ಕಣ್ರೀ. ಅವನ ಎದುರಿಗೇ ಅವಳನ್ನ ಗಂಡನ್ನ ತಿಂದವಳು ಅಂದ್ರು. ಆ ಮಗು ದಿಂಬು ಎತ್ತಿಕೊಂಡು ಹೋಗೋವಾಗ ಇವನು ಅಲ್ಲೇ ಕೂತು ಟೀವಿ ನೋಡ್ತಿದ್ದ. ನಾಲಿಗೆ ಮೇಲೆ ನಿಜ ಇಟ್ಟುಕೊಂಡು ಅದರ ಮೇಲೆ ಮೂರು ಹೊತ್ತು ಊಟ ಮಾಡಿದ.

ಆದ್ರೆ ಹೇಳಿದ್ರೆ ಯಾರು ನಂಬ್ತಾರೆ? ದೆವ್ವ ಸಾಕ್ಷಿ ಹೇಳ್ತು ಅನ್ನೋಕಾಗುತ್ತಾ? ಅವನಿಗೇ ಕೇಳಿಸಬೇಕು ಅಂದೆ ನಾನು.

ಸುಳ್ಳು ಹೇಳಿದ್ದು ನಾನೇ, ಪಾಪ ಬರೋದಿದ್ರೆ ನನ್ನ ತಲೆಗೆ ಬರಲಿ. ಅವನಿಗೆ ಫೋನ್ ಮಾಡಿ, ಗಾಡಿ ತಗೊಳ್ಳೋರು ಸಿಕ್ಕಿದಾರಪ್ಪ, ಕೆಲಸ ಮುಗಿಸಿ ರಾತ್ರಿ ಹನ್ನೊಂದರ ಮೇಲೇ ಬರೋಕಾಗೋದು ಅಂದೆ. ಅವನಿಗೆ ಆ ಗಾಡಿ ಕಣ್ಣೆದುರಿಂದ ತೊಲಗಿದ್ರೆ ಸಾಕಾಗಿತ್ತು. ಇವಳು ಬಸ್ಸಿಳಿದು ಬರೋ ಹೊತ್ತಿಗೆ ಟಾರ್ಚ್ ಹಿಡಿದು ಬಾವಿಕಟ್ಟೆ ಹತ್ತಿರ ನಿಂತಿದ್ದ.

"ಎಲ್ಲಿ ಅವರು?" ಅಂದ.

"ಬರ್ತಾರೆ. ಮೆಲ್ಲಗೆ ಮಾತಾಡು."

ಅವನು ಗಡಿಯಾರ ನೋಡಿದ. ಗಾಡಿಯ ಟೈರಿಗೆ ಕಾಲಲ್ಲಿ ಒದ್ದು ನೋಡಿದ. ಆಗ... ಸರ್ರ್. ಟಕ.

ಕಳ್ಳರು ಅಂದುಕೊಂಡ. ಯಾರೋ ಅದು ಅಂತ ಕೂಗಿ ಓಡಿಹೋಗಿ ಟಾರ್ಪಾಲು ಎತ್ತಿದ. ಸರಪಳಿ ಹಾಗೇ ಇದೆ. ಹಗ್ಗ ಒಳಗೆ ಸುತ್ತಿಕೊಂಡು ಕೂತಿದೆ. ಅಲ್ಲಾಡ್ತಿಲ್ಲ. ಸರ್ರ್. ಟಕ. ಅವನ ಕಣ್ಣೆದುರೇ. ಮೂರನೇ ಸಲಕ್ಕೆ ಡುಗ್ ಡುಗ್ ಡುಗ್. ಅವನು ಎಂಜಿನ್ ಮೇಲೆ ಕೈ ಇಟ್ಟ. ಇವಳಿಗೆ ಆಮೇಲೆ ಅವನೇ ಹೇಳಿದ್ದು, ತಣ್ಣಗೆ ಕಲ್ಲಿನ ಹಾಗಿತ್ತಂತೆ, ಒಂಚೂರೂ ನಡುಕ ಇರಲಿಲ್ಲವಂತೆ.

"ಅರ್ಥ್ ಆಯ್ತಾ?"

ಅಣ್ಣನ ದನಿ ಗುರುತು ಸಿಗದೆ ಇರುತ್ತಾ? ಅವನ ಕೈಯಿಂದ ಟಾರ್ಚ್ ಜಾರಿತು. ನೆಲದ ಮೇಲಿಂದ ಬೆಳಕು ಅವನ ಗಲ್ಲಕ್ಕೆ ಬಿತ್ತು. ನನ್ನ ತಂಗಿ ಅವನ ಬಾಯಿ ಬಿಟ್ಟು ಬೇರೇನೂ ನೋಡಲಿಲ್ಲ. ತುಟಿ ಬಿಗಿಯಾಗಿ ಮುಚ್ಚಿತ್ತು ಅಂತಾಳೆ. ಹಲ್ಲು ಕಚ್ಚಿದ್ದು ದವಡೆಯಲ್ಲಿ ಕಾಣ್ತಿತ್ತು ಅಂತಾಳೆ. ಆ ಬಾಯಿ ಮುಚ್ಚಿರೋವಾಗಲೇ, ಎಂಜಿನ್ ಪಕ್ಕದಿಂದ...

"ಆಯ್ತಣ್ಣ."

ಈ ಸಲ ಅವಳು ಹತ್ತಿರ ನಿಂತಿದ್ದಳಲ್ಲ, ಅದರ ಹಿಂದೆಯೇ ಬಂದ ಮಾತೂ ಕೇಳಿಸಿತು. ಮೆಲ್ಲಗೆ, ನಗು ಬೆರೆಸಿ.

"ಹೂಂ, ಹೇಳೋ... ಆಮೇಲೆ?"

ಅವತ್ತು ಫೋನಲ್ಲಿದ್ದ ಅವನು. ಯಾವನೋ ಸ್ನೇಹಿತನ ಜೊತೆ ಹರಟೆ. ವೈರು ಡಬ್ಬಿಯಲ್ಲಿ, ಫೋನು ಕಿವಿಯಲ್ಲಿ. ಅಣ್ಣ ಕೇಳಿದ, ಬಾಯಿಗೆ ಬಂದಿದ್ದು ಅಂದ.

ಟಕ್. ಪಚ್... ಪಚ್... ಪಚ್. ಕಟಕ್. ಆಮೇಲೆ ಏನೂ ಇಲ್ಲ.

ಅವನು ಕೂತುಬಿಟ್ಟಿದ್ದ, ನೆಲದ ಮೇಲೆ. ನನ್ನ ತಂಗಿ ಬೈಯಲಿಲ್ಲ. ನಾನಾಗಿದ್ರೆ ಆ ಬಾವಿಯ ಜಾಲರಿ ಕಿತ್ತು... ಹೋಗ್ಲಿ ಬಿಡಿ. ಅವಳು ಟಾರ್ಚ್ ಎತ್ತಿ ಅವನ ಕೈಗೆ ಕೊಟ್ಟಳು.

"ಅತ್ತೆಗೆ ಹೇಳು," ಅಂದಳು. "ಪುಟ್ಟಿಗೆ ಹೇಳು. ಇನ್ನೇನೂ ಬೇಡ ನನಗೆ."

ಅವನು ತಲೆ ಎತ್ತಿದ. ಹೇಳ್ತೀನಿ ಅಂತಲೇ ಇತ್ತೋ ಏನೋ ಮನಸ್ಸಲ್ಲಿ, ನಾನು ಅಲ್ಲಗಳೆಯಲ್ಲ. ಬಾಯಿ ತೆರೆದ. "ಆ..." ಅಂದ. ಅಲ್ಲಿಗೇ ನಿಂತಿತು. ಮತ್ತೆ "ಆ..." ಗಂಟಲ ಗಂಟು ಮೇಲೆ ಕೆಳಗೆ ಆಡ್ತು, ಮಾತು ಹೊರಗೆ ಬರಲಿಲ್ಲ. ಭಯಕ್ಕೆ ಹಾಗಾಗಿದೆ ಅಂದುಕೊಂಡಳು ಅವಳು. ಸ್ವಲ್ಪ ಹೊತ್ತಿಗೆ ಬೇರೆ ಮಾತೆಲ್ಲ ಸರಿಯಾಗೇ ಬಂತು. ಎಂಜಿನ್ ತಣ್ಣಗಿತ್ತು ಅತ್ತಿಗೆ ಅಂದ. ಮನೆಗೆ ಹೋಗೋಣ ಅಂದ.

ಮನೆಗೆ ಹೋಗಿ ಹೇಳಿದನಾ? ಇಲ್ಲ. ಮಾರನೇ ದಿನ ಹೇಳಿದನಾ? ಅದೂ ಇಲ್ಲ. ಮೂರು ದಿನ ಕಂಬಳಿ ಹೊದ್ದು ಮಲಗಿದ. ಮೈಗೆ ಹುಷಾರಿಲ್ಲ ಅಂತ ಅತ್ತೆ ಗಂಜಿ ಮಾಡಿಕೊಟ್ಟಳು, ಪಾಪ ಅಣ್ಣನ ನೆನಪು ಅಂತ ಗೋಡೆಗೆ ಹೇಳಿದಳು, ನನ್ನ ತಂಗಿಗೆ ಕೇಳಿಸೋ ಹಾಗೆ. ನನ್ನ ತಂಗಿ ಕೆಲಸಕ್ಕೆ ಹೋದಳು, ಬಂದಳು. ಬಾವಿ ಹತ್ತಿರ ಸದ್ದು ನಿಂತಿತ್ತು. ಆದ್ರೂ ಏನು ಬಂತು? ಅವಳ ಹಾಸಿಗೆಯಲ್ಲಿ ಅವಳೊಬ್ಬಳೇ. ಬಿಟ್ಟುಬಿಡು, ಮಗು ದೊಡ್ಡದಾದ ಮೇಲೆ ತಿಳ್ಕೊಳ್ಳುತ್ತೆ ಅಂತ ನಾನೇ ಹೇಳಿದೆ. ಅಂಥ ಮಾತು ಹೇಳೋವಾಗ ನಮಗೇ ನಂಬಿಕೆ ಇರಲ್ಲ.

ನಾಲ್ಕನೇ ದಿನ ಊಟಕ್ಕೆ ಕೂತಿದ್ರು. ಅತ್ತೆ ಏನೋ ಹಳೇ ಮಾತು ಎತ್ತಿ ಮತ್ತೆ ಇವಳನ್ನ ಚುಚ್ಚಿದಳು. ಮಗು ಚಿಕ್ಕಪ್ಪನ ಕಡೆ ತಿರುಗಿತು.

"ಚಿಕ್ಕಪ್ಪಾ, ಅವತ್ತು ಅಪ್ಪ ಕೇಳಿದಾಗ ಏನಾಯ್ತು? ಇನ್ನೊಂದ್ಸಲ ಹೇಳು."

ಎಷ್ಟು ಸಲ ಹೇಳಿದ್ದ ಅದನ್ನ. ಕಂಠಪಾಠ. "ಅಪ್ಪ ನನ್ನ ಕೇಳಿದ ಪುಟ್ಟಿ," ಅಂದ. "ನಾನು ಇಲ್ಲ ಅನ್ನೋ ಮೊದಲೇ ನಿಮ್ಮಮ್ಮ..."

ನಿಂತಿತು.

"ನಿಮ್ಮಮ್ಮ... ಆ..."

ಕೈಯಲ್ಲಿ ತುತ್ತು. ನೀರು ಕುಡಿದ. ಮತ್ತೆ ಶುರು ಮಾಡಿದ, ಮತ್ತೆ ಅಲ್ಲಿಗೇ ಬಂದು ನಿಂತಿತು. ಆಯ್ತು ಅನ್ನೋ ಆ ಒಂದು ಪದ ಅವನ ಬಾಯಲ್ಲಿ ಇರಲೇ ಇಲ್ಲ. ಮಗು ಅವನನ್ನೇ ನೋಡ್ತಿತ್ತು, ರೆಪ್ಪೆ ಮಿಟುಕಿಸದೆ. ಮಕ್ಕಳಿಗೆ ಏನು ತಿಳಿಯುತ್ತೆ ಅಂತೀರಿ ನೀವು, ನೋಡ್ಬೇಕಾಗಿತ್ತು ಅಂತಾಳೆ ನನ್ನ ತಂಗಿ. ಅದು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ತಟ್ಟೆ ಎತ್ತಿತು, ತೊಳೆದಿಟ್ಟಿತು. ರಾತ್ರಿ ಅಜ್ಜಿ ಪಕ್ಕದಿಂದ ದಿಂಬು ತಗೊಂಡು ಬಂದು ಅಮ್ಮನ ಗೋಡೆ ಕಡೆ ಮಗ್ಗುಲಲ್ಲಿ ಮಲಗಿತು. ಕಾಲು ಎತ್ತಿ ಅವಳ ಮೇಲೆ ಹಾಕಿತಂತೆ. ಅವಳು ಬೆಳಗಿನವರೆಗೆ ಮಗ್ಗುಲು ಬದಲಿಸಲಿಲ್ಲ.

ಅತ್ತೆಗೆ? ಅತ್ತೆಗೆ ಯಾರೂ ಹೇಳಲಿಲ್ಲ. ಅವಳು ಇವತ್ತಿಗೂ ಗೋಡೆಗೇ ಮಾತಾಡ್ತಾಳೆ. ನನ್ನ ತಂಗಿ ಈಗ ಮಗು ಕರ್ಕೊಂಡು ನಮ್ಮ ಬೀದಿಯಲ್ಲೇ ಒಂದು ರೂಮು ಮಾಡಿದಾಳೆ. ಆ ಮನೆಯಲ್ಲಿ ಈಗ ಅತ್ತೆ, ಮೈದುನ ಇಬ್ಬರೇ.

ಭ್ರಮೆ ಅನ್ನೋರಿಗೆ ನಾನು ಒಂದೇ ಹೇಳೋದು. ಡಾಕ್ಟರು ಮೈದುನನ ಗಂಟಲಿಗೆ ಬೆಳಕು ಬಿಟ್ಟು ನೋಡಿದಾರೆ, ಏನೂ ತೊಂದರೆ ಇಲ್ಲ ಅಂದಿದಾರೆ. ಹಾಡು ಹೇಳ್ತಾನೆ, ಚೌಕಾಸಿ ಮಾಡ್ತಾನೆ, ಬಸ್ಸಲ್ಲಿ ಸೀಟಿಗೆ ಜಗಳ ಆಡ್ತಾನೆ. ಹೋದ ತಿಂಗಳು ಪುಟ್ಟಿಯ ಸ್ಕೂಲಿನ ಪುಸ್ತಕ ತರೋಕೆ ಅಂತ ಆ ಮನೆಗೆ ಹೋಗಿ, ಹೊತ್ತಾಯ್ತು ಅಂತ ಒಂದು ರಾತ್ರಿ ಅಲ್ಲೇ ಉಳಿದೆ ನಾನು. ದೀಪ ಆರಿಸಿದ ಮೇಲೆ ಅತ್ತೆ ಹಾಸಿಗೆಯಿಂದ ಕೇಳಿದಳು, ಬಾಗಿಲು ಹಾಕಿದ್ದಾಯ್ತೇನೋ ಅಂತ. ಅವನು ಹೂಂ ಅಂದ. ಅವಳಿಗೆ ಹೂಂ ಸಾಲದು. ಹೂಂ ಅಂದ್ರೆ ಏನೋ, ಆಯ್ತೋ ಇಲ್ವೋ ಸರಿಯಾಗಿ ಹೇಳು ಅಂದಳು. ಅವನು ಎದ್ದು ಕತ್ತಲಲ್ಲಿ ತಡವಿಕೊಂಡು ಹೋಗಿ, ಚಿಲಕ ತೆಗೆದು, ಅವಳಿಗೆ ಸದ್ದು ಕೇಳಲಿ ಅಂತ ಮತ್ತೆ ಹಾಕಿದ. ಬಂದು ಮಲಗಿದ. ಅವಳು ಮತ್ತೆ ಕೇಳಿದಳು. ನಾನು ಎದ್ದು ಕೂತು ಲೆಕ್ಕ ಇಟ್ಟೆ. ಅವಳಿಗೆ ನಿದ್ದೆ ಹತ್ತೋ ಮೊದಲು ನಾಲ್ಕು ಸಲ ಚಿಲಕ ಹಾಕಿದ.